ಎದ್ದರೆ ಬರುತ್ತಿದ್ದ ನೋವು ಮಲಗಿದರೆ ಬರತೊಡಗಿತು: ಮಿದುಳುದ್ರವ ಸೋರಿಕೆಯ ಒಂದು ಪ್ರಕರಣ

ಈ ಪ್ರಕರಣದ ಮಹಿಳೆಗೆ ಎರಡು ತಿಂಗಳೊಳಗೆ ಎರಡು ಬೇರೆ ಬೇರೆ ತಲೆನೋವು ಬಂದವು. ಮೊದಲನೆಯದು ಮಿದುಳು, ಬೆನ್ನುಹುರಿಯ ಸುತ್ತಲಿನ ದ್ರವ ಬೆನ್ನಿನಲ್ಲಿ ಸೋರಿ ಕಡಿಮೆಯಾಗಿ ಬಂದದ್ದು, ಎರಡನೆಯದು ಅದೇ ದ್ರವದ ಒತ್ತಡ ಏರಿ ಬಂದದ್ದು. ಒಂದಕ್ಕೆ ಮಾಡುವ ಉಪಚಾರ ಇನ್ನೊಂದಕ್ಕೆ ಮಾಡಿದರೆ ನೋವು ಉಲ್ಬಣಿಸುತ್ತದೆ. ಆಕೆಯ ವಿಷಯದಲ್ಲಿ ಒಂದು ಇಡೀ ರಾತ್ರಿ ಹಾಗೆಯೇ ಆಯಿತು. ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರು, ನರ್ಸ್‌ಗಳು, ಫಿಸಿಯೋಥೆರಪಿ ಮಾಡುವವರು ಮತ್ತು ಇಂಥ ತಲೆನೋವಿನ ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುವವರು ಓದಲಿ ಎಂದು ಇದನ್ನು ಬರೆಯಲಾಗಿದೆ. ಗುರುತು ಸಿಗದಂತೆ ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇವೆ.

ಹಿನ್ನೆಲೆ

ಮೂವತ್ತೆಂಟು ವರ್ಷದ ಹೆಣ್ಣುಮಗಳು, ದಾವಣಗೆರೆ ಜಿಲ್ಲೆಯ ಚನ್ನಗಿರಿ ಕಡೆಯ ಹಳ್ಳಿಯವರು. ಎರಡು ಮಕ್ಕಳು, ಎರಡೂ ಸಹಜ ಹೆರಿಗೆ. ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡದ್ದು ಯಾವತ್ತೂ ಇಲ್ಲ. ತೆಳ್ಳನೆ ಮೈ. ಕೈಬೆರಳು ಹಿಂದಕ್ಕೆ ಬಾಗಿಸಿದರೆ ಸಾಮಾನ್ಯರಿಗಿಂತ ಹೆಚ್ಚು ಬಾಗುತ್ತಿದ್ದವು. ಈ ಕೊನೆಯ ಅಂಶವನ್ನು ಮೊದಲ ಐದು ವಾರ ಯಾರೂ ನೋಡಿರಲಿಲ್ಲ. ಕೀಲು, ಚರ್ಮ, ಹೊದಿಕೆಗಳನ್ನು ಹಿಡಿದಿಡುವ ಅಂಗಾಂಶ ಹುಟ್ಟಿನಿಂದಲೇ ಸಡಿಲವಾಗಿದ್ದವರಲ್ಲಿ ಬೆನ್ನುಹುರಿಯ ಹೊದಿಕೆ ಹರಿಯುವ ಸಾಧ್ಯತೆ ಹೆಚ್ಚು.

ಅಡಿಕೆ ಸುಗ್ಗಿಯಲ್ಲಿ ಆಕೆಗೆ ಕೂಲಿ ಕೆಲಸ. ಬೆಳಗಿನಿಂದ ಸಂಜೆವರೆಗೆ ನೆಲದ ಮೇಲೆ ಕುಳಿತು ಹಸಿ ಅಡಿಕೆ ಸುಲಿಯುವುದು, ನಡುನಡುವೆ ಎದ್ದು ಬೇಯಿಸಿದ ಅಡಿಕೆಯನ್ನು ಒಣಹಾಕುವವರಿಗೆ ಎತ್ತಿ ಕೊಡುವುದು. ಒಂದು ಸಂಜೆ ತುಂಬಿದ ಬುಟ್ಟಿಯನ್ನು ಭುಜದ ಮಟ್ಟಕ್ಕೆ ಎತ್ತಿ, ಸೊಂಟ ತಿರುಗಿಸಿ, ಮೇಲಿದ್ದವರಿಗೆ ಕೊಡುವಾಗ ಎರಡು ರೆಕ್ಕೆಮೂಳೆಗಳ ನಡುವೆ ಚಳಕ್ ಅಂದಿತು. ಆ ರಾತ್ರಿ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ಮುಖ ತೊಳೆಯುವಷ್ಟರಲ್ಲಿ ಕುತ್ತಿಗೆಯ ಹಿಂಭಾಗದಿಂದ ನೋವು ಶುರುವಾಗಿ ತಲೆಯ ಹಿಂದೆ ತುಂಬಿಕೊಂಡಿತು. ಮಲಗಿದರೆ ಕಾಲು ಗಂಟೆಯಲ್ಲಿ ಇಳಿಯುತ್ತಿತ್ತು. ಎದ್ದರೆ ಹತ್ತು ನಿಮಿಷಕ್ಕೆ ಮತ್ತೆ ಹಾಜರು.

ಸಮಸ್ಯೆ ಬೆಳೆದ ರೀತಿ

ಆಕೆ ತನ್ನ ನೋವನ್ನು ಮೊದಲ ದಿನದಿಂದಲೂ ಸರಿಯಾಗಿಯೇ ಹೇಳುತ್ತಿದ್ದಳು. "ಮಕ್ಕಂಡ್ರೆ ಏನೂ ಇಲ್ರಿ, ಎದ್ರೆ ಹಿಂದ್ಲಿಂದ ಹಿಡ್ಕಂಡು ಜಗ್ಗಿದಂಗ ಆಗ್ತತಿ." ರೋಗನಿರ್ಣಯಕ್ಕೆ ಬೇಕಾದದ್ದೆಲ್ಲ ಆ ಒಂದು ಮಾತಿನಲ್ಲಿತ್ತು. ಆದರೆ ಮನೆಯಲ್ಲಿ ಅದು ಬೇರೆ ರೀತಿ ಕೇಳಿಸಿತು. ಕೆಲಸಕ್ಕೆ ನಿಂತರೆ ತಲೆನೋವು, ಹಾಸಿಗೆಗೆ ಹೋದರೆ ಆರಾಮ ಎಂದರೆ ಯಾರು ನಂಬುತ್ತಾರೆ? ಸುಗ್ಗಿಯ ಕೂಲಿ ಕೈತಪ್ಪುತ್ತಿದ್ದ ಸಮಯ ಬೇರೆ. ನಟನೆ ಎಂದು ಅತ್ತೆ ನೇರವಾಗಿಯೇ ಅಂದರು, ಗಂಡ ಅನ್ನದೆ ಸುಮ್ಮನಾದ. ಈ ರೋಗದಲ್ಲಿ ಇದು ಬಹಳ ಜನರಿಗೆ ಆಗುವ ಅನ್ಯಾಯ. ನೋವು ಕಾಣುವುದಿಲ್ಲ, ಜ್ವರ ಇರುವುದಿಲ್ಲ, ನೋಡಲು ಹೋದವರಿಗೆ ರೋಗಿ ಮಲಗಿಕೊಂಡೇ ಸಿಗುತ್ತಾಳೆ, ಮಲಗಿದ್ದಾಗ ಆಕೆ ಚೆನ್ನಾಗಿಯೇ ಮಾತಾಡುತ್ತಾಳೆ.

ಚಿಕಿತ್ಸಾ ಕೊಠಡಿಗಳಲ್ಲೂ ಆ ಮಾತು ಕಾಗದಕ್ಕೆ ಇಳಿಯಲಿಲ್ಲ. ಮೊದಲು ನೋವಿನ ಮಾತ್ರೆ. ನಂತರ ಬಿಪಿ ಕಡಿಮೆ ಇರಬಹುದೆಂದು ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್. ಮೂರನೇ ವಾರದಲ್ಲಿ ಮೈಗ್ರೇನ್ ಎಂದು ಪ್ರೊಪ್ರನಲಾಲ್ 40 ಮಿಲಿಗ್ರಾಂ. ಅದೂ ಹಿಡಿಯದಿದ್ದಾಗ ಕುತ್ತಿಗೆಯ ಎಕ್ಸ್‌ರೇ. ಮೂಳೆ ಅಲ್ಪಸ್ವಲ್ಪ ಸವೆದದ್ದು ಕಾಣಿಸಿದ್ದರಿಂದ ಕಾಲರ್ ಮತ್ತು ತೂಕ ಕಟ್ಟಿ ಕುತ್ತಿಗೆ ಎಳೆಯುವ ಟ್ರ್ಯಾಕ್ಷನ್. ನಲವತ್ತರ ಹತ್ತಿರದವರ ಕುತ್ತಿಗೆಯ ಎಕ್ಸ್‌ರೇಯಲ್ಲಿ ಸವೆತ ಕಾಣುವುದು ತೀರ ಸಾಮಾನ್ಯ. ಅದು ಕಂಡಿತೆಂದರೆ ನೋವಿನ ಕಾರಣ ಸಿಕ್ಕಿತೆಂದು ಅರ್ಥವಲ್ಲ. ಟ್ರ್ಯಾಕ್ಷನ್ ಹಾಕುವಾಗ ಆಕೆ ಮಲಗಿರುತ್ತಿದ್ದಳು, ಹಾಗಾಗಿ ಆರಾಮ ಅನ್ನಿಸುತ್ತಿತ್ತು. ಅದನ್ನು ಟ್ರ್ಯಾಕ್ಷನ್ ಕೆಲಸ ಮಾಡುತ್ತಿದೆ ಎಂದು ಓದಿ ಇನ್ನೂ ಒಂದು ವಾರ ಮುಂದುವರಿಸಿದರು.

ನಾಲ್ಕನೇ ವಾರಕ್ಕೆ ನೋವಿನ ಸ್ವಭಾವ ಸ್ವಲ್ಪ ಬದಲಾಯಿತು. ಎದ್ದ ಹತ್ತು ನಿಮಿಷಕ್ಕೆ ಬರುತ್ತಿದ್ದದ್ದು ಮಧ್ಯಾಹ್ನ ಕಳೆದ ಮೇಲೆ ಬರತೊಡಗಿತು, ಮಲಗಿದರೂ ಪೂರ್ತಿ ಹೋಗಲು ಒಂದು ಗಂಟೆ ಹಿಡಿಯುತ್ತಿತ್ತು. ಕಿವಿಯಲ್ಲಿ ನೀರು ಹೊಕ್ಕಂತೆ ಮಂದ ಕೇಳಿಸುವುದು, ಗುಂಯ್ ಎನ್ನುವ ಶಬ್ದ, ವಾಕರಿಕೆ ಸೇರಿಕೊಂಡವು. ಸೋರಿಕೆ ಹಳೆಯದಾದಂತೆ ಹೀಗಾಗುತ್ತದೆ. ನಿಂತರೆ ಬರುವುದು, ಮಲಗಿದರೆ ಹೋಗುವುದು ಎಂಬ ಸ್ಪಷ್ಟ ಗೆರೆ ಮಸುಕಾಗುತ್ತದೆ. ಆದ್ದರಿಂದ ತಡವಾಗಿ ಬಂದವರನ್ನು ಈಗ ಹೇಗಿದೆ ಎಂದಷ್ಟೇ ಕೇಳಿದರೆ ಸಾಲದು, ಮೊದಲ ವಾರ ಹೇಗಿತ್ತು ಎಂದು ಕೇಳಬೇಕು.

ಐದನೇ ವಾರ ಸಾದಾ ಸಿಟಿ ಸ್ಕ್ಯಾನ್ ಆಯಿತು. ಮಿದುಳಿನ ಎರಡೂ ಬದಿಯಲ್ಲಿ, ತಲೆಬುರುಡೆಯ ಒಳಗೆ, ತೆಳುವಾದ ದ್ರವದ ಪದರ. ಹೆಚ್ಚಿನ ಕಡೆ 6 ಮಿಲಿಮೀಟರ್ ದಪ್ಪ. ವರದಿ: ಎರಡೂ ಬದಿ ಸಬ್‌ಡ್ಯೂರಲ್ ಸಂಗ್ರಹ. ಬುರುಡೆಗೆ ರಂಧ್ರ ಮಾಡಿ ಅದನ್ನು ಹೊರತೆಗೆಯಬೇಕಾಗಬಹುದು ಎಂಬ ಸಲಹೆಯೊಂದಿಗೆ ಆಕೆಯನ್ನು ದಾವಣಗೆರೆಗೆ ಕಳುಹಿಸಿದರು.

ಮೊದಲ ತಿರುವು: ಹತ್ತು ನಿಮಿಷದ ಪರೀಕ್ಷೆ

ದಾವಣಗೆರೆಯಲ್ಲಿ ಆಕೆಯನ್ನು ನೋಡಿದವರು ಸಿಟಿ ಫಿಲಂ ಎತ್ತುವ ಮೊದಲು ಆಕೆಗೆ ದಿಂಬಿಲ್ಲದೆ ಅರ್ಧ ಗಂಟೆ ಮಲಗಲು ಹೇಳಿದರು. ನೋವು ಎಷ್ಟಿದೆ ಎಂದು ಹತ್ತಕ್ಕೆ ಅಂಕ ಕೇಳಿದರು: ಒಂದು. ನಂತರ ಎದ್ದು ನಿಲ್ಲಿಸಿ ಗಡಿಯಾರ ನೋಡಿದರು. ಐದನೇ ನಿಮಿಷಕ್ಕೆ ನಾಲ್ಕು, ಹತ್ತನೇ ನಿಮಿಷಕ್ಕೆ ಏಳು. ಮಲಗಿದ್ದಾಗಿನ ಬಿಪಿ 118/76, ನಿಂತಾಗ 114/78, ನಾಡಿಯಲ್ಲೂ ದೊಡ್ಡ ಏರಿಕೆ ಇಲ್ಲ. ಅಂದರೆ ನಿಂತಾಗ ಬಿಪಿ ಇಳಿದು ಬರುವ ತಲೆಸುತ್ತು ಇದಲ್ಲ. ಮನೆಯವರ ಎದುರಿನಲ್ಲೇ ಈ ಪರೀಕ್ಷೆ ಮಾಡಿದ್ದರಿಂದ ಇನ್ನೊಂದು ಕೆಲಸವೂ ಆಯಿತು. ಅವರ ಕಣ್ಣೆದುರೇ ಆಕೆಯ ಮುಖ ಬಿಳಿಚಿಕೊಂಡು, ಗೋಡೆ ಹಿಡಿದು ಕುಸಿದಳು. ನಟನೆ ಎಂಬ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ.

ಹೀಗೇಕೆ ಆಗುತ್ತದೆ ಎಂದು ಗಂಡನಿಗೆ ಹೇಳಿದ್ದು ಇಷ್ಟು. ಮಿದುಳು, ಬೆನ್ನುಹುರಿಯ ಸುತ್ತ ಸುಮಾರು 150 ಮಿಲಿಲೀಟರ್ ತಿಳಿಯಾದ ದ್ರವ ಇರುತ್ತದೆ. ದಿನಕ್ಕೆ ಹತ್ತಿರ ಹತ್ತಿರ 500 ಮಿಲಿಲೀಟರ್ ಹೊಸದಾಗಿ ಉತ್ಪತ್ತಿಯಾಗಿ ಅಷ್ಟೇ ರಕ್ತಕ್ಕೆ ಸೇರುತ್ತದೆ. ಸುಮಾರು 1400 ಗ್ರಾಂ ತೂಗುವ ಮಿದುಳು ಈ ದ್ರವದಲ್ಲಿ ತೇಲುವುದರಿಂದ ಅದರ ಭಾರ 50 ಗ್ರಾಂನಷ್ಟೇ ಅನ್ನಿಸುತ್ತದೆ. ಬಾವಿಯ ನೀರೊಳಗೆ ಇರುವಷ್ಟು ಹೊತ್ತು ಹಗುರವಾಗಿದ್ದ ಕೊಡ ನೀರಿನಿಂದ ಮೇಲೆ ಬಂದ ಕೂಡಲೇ ಕೈ ಜಗ್ಗುವುದಿಲ್ಲವೇ, ಹಾಗೆ ದ್ರವ ಕಡಿಮೆಯಾದಾಗ ನಿಂತರೆ ಮಿದುಳು ತನ್ನ ಭಾರಕ್ಕೆ ತಾನೇ ಕೆಳಗೆ ಜೋತು, ನೋವು ಅರಿಯುವ ಪೊರೆ ಮತ್ತು ರಕ್ತನಾಳಗಳನ್ನು ಎಳೆಯುತ್ತದೆ. ಮಲಗಿದರೆ ಆ ಎಳೆತ ನಿಲ್ಲುತ್ತದೆ.

ಸಿಟಿಯಲ್ಲಿ ಕಂಡ ದ್ರವದ ಪದರವೂ ಇದರಿಂದಲೇ ಅರ್ಥವಾಗುತ್ತದೆ. ತಲೆಬುರುಡೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಒಳಗಿನ ಮಿದುಳುದ್ರವ ಕಡಿಮೆಯಾದರೆ ಆ ಜಾಗವನ್ನು ಬೇರೆ ಏನಾದರೂ ತುಂಬಲೇಬೇಕು. ಅಭಿಧಮನಿಗಳು ಉಬ್ಬುತ್ತವೆ, ಡ್ಯೂರಾ ಎಂಬ ಗಟ್ಟಿ ಹೊದಿಕೆಯಲ್ಲಿ ರಕ್ತ ತುಂಬಿ ದಪ್ಪವಾಗುತ್ತದೆ, ಅದರ ಕೆಳಗೆ ದ್ರವ ಒಸರುತ್ತದೆ. ಸಬ್‌ಡ್ಯೂರಲ್ ಸಂಗ್ರಹ ಇಲ್ಲಿ ರೋಗವಲ್ಲ, ರೋಗದ ಫಲ. ಕೆಳಗೆ ಬೆನ್ನಿನಲ್ಲಿ ಸೋರುತ್ತಿರುವಾಗ ಮೇಲೆ ಬುರುಡೆಗೆ ರಂಧ್ರ ಮಾಡಿ ಅದನ್ನು ಬಸಿದರೆ ಮಿದುಳು ಇನ್ನಷ್ಟು ಕೆಳಗೆ ಜಾರಬಹುದು, ಹಾಗೆ ಮಾಡಿಸಿಕೊಂಡು ಪ್ರಜ್ಞೆ ತಪ್ಪಿದವರಿದ್ದಾರೆ. ಸಂಗ್ರಹ ದೊಡ್ಡದಾಗಿ ಮಿದುಳನ್ನು ಒತ್ತುತ್ತಿದ್ದರೆ, ರೋಗಿ ಮಂಕಾಗುತ್ತಿದ್ದರೆ ಮಾತು ಬೇರೆ, ಆಗ ಬಸಿಯಲೇಬೇಕಾದೀತು. ಈಕೆ ಪೂರ್ಣ ಎಚ್ಚರದಲ್ಲಿದ್ದಳು, ಕೈಕಾಲಿನ ಬಲ ಸರಿಯಿತ್ತು. ರಂಧ್ರ ಮಾಡುವುದು ಬೇಡ, ಸೋರಿಕೆ ಹುಡುಕೋಣ ಎಂದು ನರಶಸ್ತ್ರಚಿಕಿತ್ಸಕರೇ ಬರೆದರು. ಈ ಇಡೀ ಪ್ರಕರಣದಲ್ಲಿ ಅತಿ ದೊಡ್ಡ ಅಪಾಯ ತಪ್ಪಿದ್ದು ಅಲ್ಲಿ.

ನೋವಿನ ಮಾತ್ರೆಗಳಲ್ಲಿ ಐಬುಪ್ರೊಫೆನ್ ಜಾತಿಯವನ್ನು ಅಂದೇ ನಿಲ್ಲಿಸಲಾಯಿತು. ರಕ್ತಸ್ರಾವದ ಭಯ ಇರುವಾಗ ಅವು ಬೇಡ. ಪ್ಯಾರಸಿಟಮಾಲ್ ಮಾತ್ರ ಉಳಿಯಿತು.

ಸ್ಕ್ಯಾನ್, ಮತ್ತು ಮಾಡದೆ ಬಿಟ್ಟ ಒಂದು ಪರೀಕ್ಷೆ

ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ನೋಡಿಕೊಂಡು, ಒಂದೇ ಸರದಿಯಲ್ಲಿ ಮಿದುಳಿನ ಕಾಂಟ್ರಾಸ್ಟ್ (ರಕ್ತನಾಳಕ್ಕೆ ಹೊಳಪಿನ ಔಷಧಿ ಬಿಟ್ಟು ತೆಗೆಯುವ) ಎಂಆರ್‌ಐ ಮತ್ತು ಇಡೀ ಬೆನ್ನಿನ ಎಂಆರ್‌ಐ ಮಾಡಿಸಲಾಯಿತು. ಬೆನ್ನಿನದಕ್ಕೆ ಕೊಬ್ಬಿನ ಹೊಳಪನ್ನು ಅಡಗಿಸಿದ, ನೀರಿನಂಥ ದ್ರವ ಮಾತ್ರ ಬೆಳ್ಳಗೆ ಕಾಣುವ ಟಿ2 ಚಿತ್ರಗಳು ಬೇಕೆಂದು ಕೋರಿಕೆ ಚೀಟಿಯಲ್ಲೇ ಬರೆದಿದ್ದರು. ಹಾಗೆ ಬರೆಯದಿದ್ದರೆ ಸೊಂಟನೋವಿಗೆ ತೆಗೆಯುವ ಮಾಮೂಲಿ ಚಿತ್ರಗಳು ಬರುತ್ತವೆ. ಡ್ಯೂರಾದ ಹೊರಗಿನ ಕೊಬ್ಬೂ ದ್ರವವೂ ಎರಡೂ ಬೆಳ್ಳಗೆ ಕಂಡು ಸೋರಿಕೆ ಅಡಗಿಬಿಡುತ್ತದೆ. ಕಾಂಟ್ರಾಸ್ಟ್ ಇಲ್ಲದ ಮಿದುಳಿನ ಎಂಆರ್‌ಐಯಲ್ಲೂ ಇದೇ ತೊಂದರೆ, ಹೊದಿಕೆಯ ಹೊಳಪು ಕಾಣದೆ ಹೋಗುತ್ತದೆ.

ಮಿದುಳಿನ ಚಿತ್ರವನ್ನು ಸೋರಿಕೆಯ ಲಕ್ಷಣಗಳಿಗೆ ಅಂಕ ಕೊಡುವ ಬರ್ನ್ ಅಂಕಪಟ್ಟಿಯಿಂದ ಅಳೆದರು. ಡ್ಯೂರಾ ಸುತ್ತಲೂ ಸಮನಾಗಿ ಹೊಳೆಯುತ್ತಿತ್ತು, ಎರಡು ಅಂಕ. ದೊಡ್ಡ ಅಭಿಧಮನಿ ನಾಳಗಳು ಉಬ್ಬಿದ್ದವು, ಎರಡು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಮೇಲಿನ ದ್ರವದ ಜಾಗ 3 ಮಿಲಿಮೀಟರ್‌ಗೆ ಇಳಿದಿತ್ತು, 4 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎರಡು. ಸಬ್‌ಡ್ಯೂರಲ್ ದ್ರವಕ್ಕೆ ಒಂದು. ಮಿದುಳುಕಾಂಡದ ಮುಂದಿನ ಜಾಗ 4 ಮಿಲಿಮೀಟರ್, 5ರ ಒಳಗಿದ್ದರೆ ಒಂದು. ಕೊನೆಯ ಅಳತೆ, ಮಿದುಳಿನ ತಳದ ಮ್ಯಾಮಿಲರಿ ಗಂಟಿನಿಂದ ಮಿದುಳುಕಾಂಡದ ಪಾನ್ಸ್‌ವರೆಗಿನ ಅಂತರ, ಆಕೆಯಲ್ಲಿ 7 ಮಿಲಿಮೀಟರ್ ಇತ್ತು. 6.5 ದಾಟಿದ್ದರಿಂದ ಅದಕ್ಕೆ ಅಂಕವಿಲ್ಲ. ಒಟ್ಟು ಒಂಬತ್ತಕ್ಕೆ ಎಂಟು. ಐದು ಮತ್ತು ಅದಕ್ಕೆ ಮೇಲ್ಪಟ್ಟರೆ ಬೆನ್ನಿನಲ್ಲಿ ಸೋರಿಕೆ ಸಿಗುವ ಸಂಭವ ಬಹಳ ಹೆಚ್ಚು. ಇಲ್ಲೊಂದು ಎಚ್ಚರಿಕೆ ಸೇರಿಸಬೇಕು. ಸೋರಿಕೆ ಇರುವವರಲ್ಲಿ ಸುಮಾರು ಐದರಲ್ಲಿ ಒಬ್ಬರ ಮಿದುಳಿನ ಎಂಆರ್‌ಐ ಪೂರ್ತಿ ಸರಿಯಾಗಿಯೇ ಇರುತ್ತದೆ. ಅಂಕ ಸೊನ್ನೆ ಬಂದ ಮಾತ್ರಕ್ಕೆ ರೋಗಿಯ ಮಾತನ್ನು ತಳ್ಳಿಹಾಕಬಾರದು.

ಬೆನ್ನಿನ ಚಿತ್ರದಲ್ಲಿ ಕುತ್ತಿಗೆಯ ಬುಡದಿಂದ ಎದೆಯ ಎಂಟನೇ ಕಶೇರುವಿನವರೆಗೆ ಡ್ಯೂರಾದ ಹೊರಗೆ, ಮುಂಭಾಗದಲ್ಲಿ, ಉದ್ದನೆಯ ದ್ರವದ ಗೆರೆ ಕಂಡಿತು. ಎದೆಯ ಆರು–ಏಳನೇ ಕಶೇರುಗಳ ನಡುವಿನ ಡಿಸ್ಕ್‌ನಲ್ಲಿ ಸುಣ್ಣಗಟ್ಟಿದ ಸಣ್ಣ ಮೊನೆಯೊಂದು ಹಿಂದಕ್ಕೆ ಚಾಚಿತ್ತು. ಬುಟ್ಟಿ ಎತ್ತಿ ತಿರುಗಿದಾಗ ಆ ಮೊನೆ ಹೊದಿಕೆಯನ್ನು ಸೀಳಿರಬಹುದು ಎಂಬುದು ಊಹೆ ಮಾತ್ರ. ದ್ರವ ಮೇಲೆ ಕೆಳಗೆ ಹರಡಿಕೊಳ್ಳುವುದರಿಂದ ಗೆರೆ ಇರುವಲ್ಲೆಲ್ಲ ತೂತು ಇರುವುದಿಲ್ಲ. ನಿಖರ ಜಾಗ ಹುಡುಕಲು ಬೆನ್ನಿಗೆ ಬಣ್ಣ ಬಿಟ್ಟು, ಅದು ಹರಿಯುವಾಗಲೇ ಚಿತ್ರ ತೆಗೆಯುವ ಮೈಲೋಗ್ರಾಂ ಬೇಕು, ಅದಕ್ಕೆ ಬೆಂಗಳೂರಿಗೆ ಹೋಗಬೇಕಾಗುತ್ತಿತ್ತು.

ಬೆನ್ನಿಗೆ ಸೂಜಿ ಹಾಕಿ ಒತ್ತಡ ಅಳೆಯುವ ಪರೀಕ್ಷೆ ಬೇಡವೆಂದು ತೀರ್ಮಾನಿಸಿದ್ದೂ ಉದ್ದೇಶಪೂರ್ವಕವಾಗಿಯೇ. ಪಕ್ಕಕ್ಕೆ ಮಲಗಿಸಿ ಅಳೆದಾಗ 6 ಸೆಂಟಿಮೀಟರ್ ನೀರಿನ ಒತ್ತಡಕ್ಕಿಂತ ಕಡಿಮೆ ಬಂದರೆ ಕಡಿಮೆ ಒತ್ತಡ, ದೊಡ್ಡವರಲ್ಲಿ 25 ದಾಟಿದರೆ ಹೆಚ್ಚು ಒತ್ತಡ ಎಂದು ಲೆಕ್ಕ. ಆದರೆ ಸೋರಿಕೆ ಇರುವ ಬಹುಪಾಲು ಜನರಲ್ಲಿ ಅಳತೆ ಸಾಮಾನ್ಯ ಮಿತಿಯಲ್ಲೇ ಬರುತ್ತದೆ. ಅಳತೆ ಸರಿಯಿದೆ, ಆದ್ದರಿಂದ ರೋಗವಿಲ್ಲ ಎಂದು ಯಾರಾದರೂ ಬರೆದರೆ ಆಕೆ ಮತ್ತೆ ಮೈಗ್ರೇನ್ ಮಾತ್ರೆಗೇ ಹೋಗುತ್ತಿದ್ದಳು. ಚಿತ್ರದಲ್ಲೇ ದ್ರವ ಕಾಣುತ್ತಿರುವಾಗ ಇನ್ನೊಂದು ತೂತು ಮಾಡಿ ತಿಳಿಯುವುದು ಏನೂ ಉಳಿದಿರಲಿಲ್ಲ.

ಮಾಡಿದ ಚಿಕಿತ್ಸೆ

ಹೊಸ ಸೋರಿಕೆಯಲ್ಲಿ ಮೊದಲ ಎರಡು ವಾರ ಮಲಗಿ ವಿಶ್ರಾಂತಿ, ನೀರು, ಕಾಫಿ, ಹೊಟ್ಟೆಗೆ ಪಟ್ಟಿ ಇವುಗಳಿಂದಲೇ ಕೆಲವರದು ಮುಚ್ಚಿಕೊಳ್ಳುತ್ತದೆ. ಈಕೆಯದು ಆರನೇ ವಾರಕ್ಕೆ ಬಿದ್ದಿತ್ತು. ಇನ್ನೂ ಕಾಯುವುದರಲ್ಲಿ ಅರ್ಥವಿಲ್ಲವೆಂದು ಎಪಿಡ್ಯೂರಲ್ ಬ್ಲಡ್ ಪ್ಯಾಚ್‌ಗೆ ನಿರ್ಧಾರವಾಯಿತು. ರೋಗಿಯ ತೋಳಿನ ರಕ್ತವನ್ನೇ ತೆಗೆದು ಬೆನ್ನಿನಲ್ಲಿ ಡ್ಯೂರಾದ ಹೊರಗಿನ ಜಾಗಕ್ಕೆ ಬಿಡುವುದು. ರಕ್ತದ ಪ್ರಮಾಣ ಆ ಜಾಗವನ್ನು ಒತ್ತಿ ತಕ್ಷಣ ಆರಾಮ ಕೊಡುತ್ತದೆ, ಹೆಪ್ಪುಗಟ್ಟಿದ ರಕ್ತ ತೂತಿನ ಮೇಲೆ ಕೂತು ಗಾಯ ಮಾಯಲು ಸಮಯ ಕೊಡುತ್ತದೆ. ತೂತಿನ ಜಾಗ ಗೊತ್ತಿಲ್ಲದಿದ್ದರೂ ಸೊಂಟದ ಮಟ್ಟದಲ್ಲಿ ಕೊಡಬಹುದು, ರಕ್ತ ಮೇಲಕ್ಕೂ ಹರಡುತ್ತದೆ. ಮೊದಲ ಪ್ಯಾಚ್‌ನಿಂದಲೇ ಎಲ್ಲರಿಗೂ ಗುಣವಾಗುವುದಿಲ್ಲ. ಎರಡು ಬಾರಿ ಕೊಟ್ಟರೂ ಹಿಡಿಯದಿದ್ದರೆ ಬೆಂಗಳೂರು ಎಂದು ಮೊದಲೇ ಮನೆಯವರಿಗೆ ಹೇಳಿಡಲಾಯಿತು.

ಜ್ವರವಿಲ್ಲ, ಪ್ಲೇಟ್‌ಲೆಟ್ ಮತ್ತು ಹೆಪ್ಪುಗಟ್ಟುವ ಪರೀಕ್ಷೆ ಸರಿಯಿದೆ, ರಕ್ತ ತೆಳುಮಾಡುವ ಮಾತ್ರೆ ಇಲ್ಲ ಎಂದು ಖಚಿತಪಡಿಸಿಕೊಂಡು, ಅರಿವಳಿಕೆ ತಜ್ಞರು ಆಪರೇಷನ್ ಥಿಯೇಟರ್‌ನಲ್ಲಿ ಎಡಪಕ್ಕಕ್ಕೆ ಮಲಗಿಸಿ, ಸೊಂಟದ ಎರಡು–ಮೂರನೇ ಕಶೇರುಗಳ ನಡುವೆ 18 ಗೇಜ್ ಟೂಯಿ ಸೂಜಿ ಹಾಕಿದರು. ಸಿರಿಂಜಿನ ಸಲೈನ್ ತಡೆಯಿಲ್ಲದೆ ಒಳಹೋದಾಗ ಎಪಿಡ್ಯೂರಲ್ ಜಾಗ ಸಿಕ್ಕಿತೆಂದು ಲೆಕ್ಕ. ಅದು ಸಿಕ್ಕ ಮೇಲಷ್ಟೇ ಇನ್ನೊಬ್ಬರು, ಅಷ್ಟೇ ಶುಚಿಯಾಗಿ, ತೋಳಿನಿಂದ ರಕ್ತ ತೆಗೆದರು. ಈ ಕ್ರಮ ತಪ್ಪಬಾರದು. ರಕ್ತ ಮೊದಲೇ ತೆಗೆದಿಟ್ಟು ಸೂಜಿಯ ಜಾಗ ಹುಡುಕುತ್ತ ಕೂತರೆ ಸಿರಿಂಜಿನಲ್ಲೇ ಹೆಪ್ಪುಗಟ್ಟುತ್ತದೆ. ರಕ್ತವನ್ನು ನಿಧಾನವಾಗಿ ಬಿಡುತ್ತ, ಪ್ರತಿ ಕೆಲವು ಮಿಲಿಲೀಟರ್‌ಗೊಮ್ಮೆ ಬೆನ್ನಿನಲ್ಲಿ ಬಿಗಿತ ಹೇಗಿದೆ, ಕಾಲಿಗೆ ನೋವು ಹರಿಯುತ್ತಿದೆಯೇ ಎಂದು ಕೇಳುತ್ತಿದ್ದರು. 22 ಮಿಲಿಲೀಟರ್‌ಗೆ ಬಿಗಿತ ಜೋರಾಯಿತು, ಅಲ್ಲಿಗೆ ನಿಲ್ಲಿಸಿದರು. ಮಂಚದ ತಲೆಯ ಕಡೆ ಸ್ವಲ್ಪ ತಗ್ಗಿಸಿ ಒಂದು ಗಂಟೆ, ಆಮೇಲೆ ಸಮತಟ್ಟಾಗಿ ಮರುದಿನದವರೆಗೆ ಮಲಗಿಸಿದರು.

ಮರುದಿನ ಆಕೆ ಎದ್ದು ಅರ್ಧ ಗಂಟೆ ವಾರ್ಡಿನಲ್ಲಿ ಓಡಾಡಿದಳು. ತಲೆನೋವು ಇಲ್ಲ. ಕಿವಿ ತೆರೆದಂತಾಯಿತು ಎಂದಳು. ಮೂರನೇ ದಿನ ಬೆಳಿಗ್ಗೆ ಮನೆಗೆ. ಆರು ವಾರ ಬಗ್ಗುವಂತಿಲ್ಲ, ಕೊಡ ಎತ್ತುವಂತಿಲ್ಲ, ಸೊಂಟ ತಿರುಗಿಸುವಂತಿಲ್ಲ, ಮಲಬದ್ಧತೆ ಆಗದಂತೆ ಲ್ಯಾಕ್ಟುಲೋಸ್. ಮನೆಯ ಕುಕ್ಕರಗಾಲಿನಲ್ಲಿ ಕೂರುವ ಪಾಯಿಖಾನೆಯ ಮೇಲೆ ಇಡಲು ರಂಧ್ರವಿರುವ ಪ್ಲಾಸ್ಟಿಕ್ ಕುರ್ಚಿ ತರುವಂತೆ ನರ್ಸ್ ಹೇಳಿದರು. ಕುಕ್ಕರಗಾಲಿನಲ್ಲಿ ಕೂತು ತಿಣುಕುವುದು ಬೆನ್ನಿನ ದ್ರವದ ಮೇಲೆ ಎಷ್ಟು ಒತ್ತಡ ಹಾಕುತ್ತದೆಂಬುದನ್ನು ಡಿಸ್ಚಾರ್ಜ್ ಹೊತ್ತಿನಲ್ಲಿ ನೆನಪಿಸುವವರು ಕಡಿಮೆ. ತಲೆನೋವು ಮತ್ತೆ ಬಂದರೆ ಮಲಗಿ, ನೀರು, ಕಾಫಿ ಹೆಚ್ಚು ಕುಡಿದು ಫೋನ್ ಮಾಡಿ ಎಂಬುದು ಕೊನೆಯ ಸೂಚನೆ. ಆ ಸೂಚನೆ ಅಪೂರ್ಣವಾಗಿತ್ತು.

ಎರಡನೇ ತಿರುವು: ಮೂರನೇ ರಾತ್ರಿ

ಮನೆಗೆ ಹೋದ ದಿನವೇ ರಾತ್ರಿ ಹತ್ತರ ಹೊತ್ತಿಗೆ ತಲೆನೋವು ಬಂತು. ಆಸ್ಪತ್ರೆಯಲ್ಲಿ ಹೇಳಿಕೊಟ್ಟದ್ದನ್ನು ಮನೆಯವರು ಚಾಚೂ ತಪ್ಪದೆ ಮಾಡಿದರು. ದಿಂಬು ತೆಗೆದರು, ಕಾಲ ಕೆಳಗೆ ದಿಂಬು ಇಟ್ಟರು, ಎರಡು ಲೋಟ ಕಾಫಿ, ಎಳನೀರು, ಓಆರ್‌ಎಸ್ ಕುಡಿಸಿದರು, ಹೊಟ್ಟೆಯ ಪಟ್ಟಿ ಬಿಗಿ ಮಾಡಿದರು. ನೋವು ಏರುತ್ತಲೇ ಹೋಯಿತು. ಬೆಳಗಿನ ಜಾವ ಎರಡು ಸಲ ವಾಂತಿ. ಕಾರು ಮಾಡಿಕೊಂಡು ದಾವಣಗೆರೆಗೆ ಬಂದರು.

ತುರ್ತು ಘಟಕದ ಚೀಟಿಯಲ್ಲಿ ಪ್ಯಾಚ್ ವಿಫಲ, ಮತ್ತೊಮ್ಮೆ ಪ್ಯಾಚ್ ಬೇಕು ಎಂದು ಬರೆದು, ಸಮತಟ್ಟಾಗಿ ಮಲಗಿಸಿ, ಸಲೈನ್ ವೇಗವಾಗಿ ಹಾಕಿದ್ದರು. ಹಿಂದಿನ ರೋಗ ಗೊತ್ತಿರುವಾಗ ಹೊಸ ನೋವನ್ನೂ ಅದರ ಲೆಕ್ಕಕ್ಕೇ ಹಾಕುವುದು ಎಲ್ಲ ಕಡೆ ನಡೆಯುತ್ತದೆ. ಬೆಳಿಗ್ಗೆ ಬಂದ ಅರಿವಳಿಕೆ ತಜ್ಞರು ಪ್ಯಾಚ್‌ಗೆ ಒಪ್ಪಿಗೆ ಸಹಿ ತೆಗೆದುಕೊಳ್ಳುವ ಮೊದಲು ಗಂಡನನ್ನು ಕೇಳಿದರು, ದಾರಿಯಲ್ಲಿ ಹೇಗೆ ಬಂದಳು? "ಕುಂತ್ಕಂಡೇ ಬಂದ್ಳು ಸಾರ್, ಮಕ್ಕಳ್ಳಾಕೆ ಆಗ್ಲೇ ಇಲ್ಲ."

ಅಲ್ಲಿಂದ ಎಲ್ಲವೂ ಬದಲಾಯಿತು. ನೋವು ಎಲ್ಲಿ ಎಂದರೆ ಹಣೆ ಮತ್ತು ಕಣ್ಣಿನ ಹಿಂದೆ. ಮೊದಲಿನದು ಕುತ್ತಿಗೆ, ತಲೆಯ ಹಿಂಭಾಗದಲ್ಲಿತ್ತು. ಮಂಚದ ತಲೆಯ ಕಡೆ ಎತ್ತಿ ಕೂರಿಸಿದಾಗ ಇಪ್ಪತ್ತು ನಿಮಿಷದಲ್ಲಿ ಎಂಟರಿಂದ ಐದಕ್ಕೆ ಇಳಿಯಿತು. ಸೋರಿಕೆ ಮರಳಿ ಬಂದಿರಲಿಲ್ಲ. ಮುಚ್ಚಿಕೊಂಡಿತ್ತು. ವಾರಗಟ್ಟಲೆ ಸೋರಿಕೆಗೆ ಹೊಂದಿಕೊಂಡಿದ್ದ ದೇಹ, ತೂತು ಮುಚ್ಚಿದ ಮೇಲೂ ತಕ್ಷಣ ಹೊಸ ಸ್ಥಿತಿಗೆ ಹೊಂದಿಕೊಳ್ಳಲಾರದೆ ದ್ರವದ ಒತ್ತಡ ಸಾಮಾನ್ಯಕ್ಕಿಂತ ಮೇಲೇರುತ್ತದೆ ಎಂಬುದು ಈಗಿನ ವಿವರಣೆ. ಇದಕ್ಕೆ ರಿಬೌಂಡ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್ ಎನ್ನುತ್ತಾರೆ. ಪ್ಯಾಚ್ ಆದ ಕೆಲವು ಗಂಟೆಗಳಿಂದ ಹಿಡಿದು ಕೆಲವು ದಿನಗಳವರೆಗೆ ಯಾವಾಗ ಬೇಕಾದರೂ ಬರಬಹುದು, ಅಪರೂಪವೂ ಅಲ್ಲ. ಆ ಬೆಳಿಗ್ಗೆ ಇನ್ನೊಂದು ಪ್ಯಾಚ್ ಕೊಟ್ಟಿದ್ದರೆ ಏರಿದ ಒತ್ತಡದ ಮೇಲೆ ಇನ್ನಷ್ಟು ಒತ್ತಡ ಹೇರಿದಂತಾಗುತ್ತಿತ್ತು.

ಆದರೆ ತಲೆನೋವಿನ ದಿಕ್ಕು ತಿರುಗಿತೆಂದ ಕೂಡಲೇ ರಿಬೌಂಡ್ ಎಂದು ನಿಶ್ಚಿಂತರಾಗುವಂತಿರಲಿಲ್ಲ. ಸಬ್‌ಡ್ಯೂರಲ್ ಸಂಗ್ರಹದಲ್ಲಿ ಹೊಸ ರಕ್ತ ಸೇರಿದರೂ, ಉಬ್ಬಿದ್ದ ಅಭಿಧಮನಿಗಳಲ್ಲಿ ರಕ್ತ ನಿಧಾನವಾಗಿ ಹರಿದು ಹೆಪ್ಪುಗಟ್ಟಿದರೂ ಹೀಗೇ ಆಗುತ್ತದೆ. ಸಿಟಿಯನ್ನು ಅಭಿಧಮನಿಗಳ ಚಿತ್ರವಾದ ವೆನೋಗ್ರಾಂ ಸಹಿತ ಮಾಡಿದರು. ಸಂಗ್ರಹ ಹಿಂದಿಗಿಂತ ತೆಳುವಾಗಿತ್ತು, ನಾಳಗಳಲ್ಲಿ ಹೆಪ್ಪು ಇರಲಿಲ್ಲ. ಕಣ್ಣಿನ ವೈದ್ಯರು ಪಾಪೆ ಹಿಗ್ಗಿಸಿ ಹಿಂಬದಿ ನೋಡಿದರು, ದೃಷ್ಟಿನರದ ಬಾವು ಇರಲಿಲ್ಲ.

ಚಿಕಿತ್ಸೆ ಹಿಂದಿನದಕ್ಕೆ ಪೂರ್ತಿ ತಿರುವುಮುರುವು. ಸಲೈನ್ ನಿಲ್ಲಿಸಿದರು, ಕಾಫಿ ನಿಂತಿತು, ಹೊಟ್ಟೆಯ ಪಟ್ಟಿ ಬಿಚ್ಚಿದರು, ತಲೆ ಕಡೆ 30ರಿಂದ 45 ಡಿಗ್ರಿ ಎತ್ತರಿಸಿದರು. ಸಲ್ಫಾ ಔಷಧಿಯ ಅಲರ್ಜಿ, ಮೂತ್ರಕಲ್ಲು, ಗರ್ಭ ಇಲ್ಲವೆಂದು ಕೇಳಿ, ಪೊಟ್ಯಾಸಿಯಂ ನೋಡಿ, ಅಸೆಟಜೋಲಮೈಡ್ ಮೊದಲ ದಿನ 250 ಮಿಲಿಗ್ರಾಂ ಎರಡು ಹೊತ್ತು, ಮರುದಿನದಿಂದ 500 ಮಿಲಿಗ್ರಾಂ ಎರಡು ಹೊತ್ತು. ಈ ಮಾತ್ರೆ ಮಿದುಳುದ್ರವ ಹುಟ್ಟುವ ವೇಗವನ್ನೇ ತಗ್ಗಿಸುತ್ತದೆ. ಬೆರಳ ತುದಿ, ತುಟಿ ಜುಮ್ಮೆನ್ನುವುದು, ಸೋಡಾ ಸಪ್ಪೆ ಅನ್ನಿಸುವುದು, ಮೂತ್ರ ಹೆಚ್ಚಾಗುವುದು ಸಾಮಾನ್ಯ ಎಂದು ಮೊದಲೇ ಹೇಳಬೇಕು. ಹೇಳದಿದ್ದರೆ ಲಕ್ವಾ ಹೊಡೆಯುತ್ತಿದೆ ಎಂದು ಹೆದರಿ ಮಾತ್ರೆ ಬಿಡುತ್ತಾರೆ. ಎರಡನೇ ದಿನಕ್ಕೆ ವಾಂತಿ ನಿಂತಿತು. ಒಂದು ವಾರ ಪೂರ್ತಿ ಪ್ರಮಾಣದಲ್ಲಿ ಕೊಟ್ಟು, ಮುಂದಿನ ಐದು ದಿನದಲ್ಲಿ ಇಳಿಸಿ ನಿಲ್ಲಿಸಿದರು.

ಮುಂದೇನಾಯಿತು

ಪ್ಯಾಚ್ ಆದ ಐದನೇ ವಾರ ಆಕೆ ಮಗುವಿನ ಶಾಲೆ ಚೀಲ ಎತ್ತಲು ಬಗ್ಗಿದಾಗ ಹಳೆಯ ಕುತ್ತಿಗೆ ನೋವು ಎರಡು ದಿನ ಇಣುಕಿತು. ಮಲಗಿ ವಿಶ್ರಾಂತಿ ಪಡೆದಾಗ ಹೋಯಿತು. ಮೂರು ತಿಂಗಳ ಎಂಆರ್‌ಐಯಲ್ಲಿ ಸಬ್‌ಡ್ಯೂರಲ್ ದ್ರವ ಇಲ್ಲ, ಡ್ಯೂರಾದ ಹೊಳಪು ಇಲ್ಲ, ಬೆನ್ನಿನ ಗೆರೆಯೂ ಇಲ್ಲ. ಡಿಸ್ಕಿನ ಸುಣ್ಣದ ಮೊನೆ ಅಲ್ಲೇ ಇದೆ, ಆದ್ದರಿಂದ ಮತ್ತೆ ಹರಿಯುವ ಸಾಧ್ಯತೆಯನ್ನು ಆಕೆಗೆ ಮುಚ್ಚಿಟ್ಟಿಲ್ಲ. ಮುಂದಿನ ಸುಗ್ಗಿಗೆ ಸುಲಿಯುವ ಕೆಲಸಕ್ಕೆ ಎತ್ತರದ ಬೆಂಚು ಮಾಡಿಸಿಕೊಂಡಳು, ಬುಟ್ಟಿ ಎತ್ತುವ ಕೆಲಸ ಬೇರೆಯವರದು. ಅದಕ್ಕೆ ಒಪ್ಪಿಸಿದವರು ಅತ್ತೆ.

ಮಲಗಿದರೆ ಹೇಗೆ, ಕೂತರೆ ಹೇಗೆ: ಇದೇ ಪ್ರಶ್ನೆ ಬೇಕಾಗುವ ಬೇರೆ ರೋಗಿಗಳು

ನಮ್ಮ ಜಿಲ್ಲೆಯ ಯಾವುದೇ ಹೆರಿಗೆ ವಾರ್ಡಿನಲ್ಲಿ ಈ ತಲೆನೋವು ಬೇರೆ ರೂಪದಲ್ಲಿ ಸಿಗುತ್ತದೆ. ಸಿಸೇರಿಯನ್‌ಗೆ ಬೆನ್ನಿಗೆ ಚುಚ್ಚಿದ ಸೂಜಿಯ ತೂತಿನಿಂದ ದ್ರವ ಸೋರಿ, ಒಂದೆರಡು ದಿನದಲ್ಲಿ ಕೂತರೆ ನೋವು, ಮಲಗಿದರೆ ಆರಾಮ. ಹೆಚ್ಚಿನವರಿಗೆ ಒಂದು ವಾರದಲ್ಲಿ ತಾನೇ ಹೋಗುತ್ತದೆ. ಆದರೆ ಬಾಣಂತಿಯ ಅಂಥ ನೋವು ತನ್ನ ಸ್ವಭಾವ ಬಿಟ್ಟು ಮಲಗಿದರೂ ಹೋಗದೆ ನಿಂತರೆ, ಫಿಟ್ಸ್ ಬಂದರೆ, ಒಂದು ಕೈ ಸೋತರೆ, ಮಿದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿರಬಹುದು. ಸ್ಪೈನಲ್ ಇಂಜೆಕ್ಷನ್‌ನ ನೋವು ಎಂದು ಸಮಾಧಾನ ಹೇಳಿ ಕಳುಹಿಸುವಂತಿಲ್ಲ.

ಇನ್ನೊಂದು ತುದಿಯಲ್ಲಿ, ಸೋರಿಕೆಯೇ ಇಲ್ಲದೆ ಒತ್ತಡ ಏರುವ ಯುವತಿಯರಿದ್ದಾರೆ. ಹೆಚ್ಚಾಗಿ ಇತ್ತೀಚೆಗೆ ತೂಕ ಏರಿದವರು, ಕೆಲವರು ಮೊಡವೆಗೆ ಡಾಕ್ಸಿಸೈಕ್ಲಿನ್ ಅಥವಾ ವಿಟಮಿನ್ ಎ ಜಾತಿಯ ಮಾತ್ರೆ ನುಂಗುತ್ತಿರುವವರು. ಮಲಗಿದರೆ ಮತ್ತು ಬೆಳಿಗ್ಗೆ ನೋವು ಹೆಚ್ಚು, ಬಗ್ಗಿದಾಗ ಕಣ್ಣು ಕೆಲವು ಕ್ಷಣ ಕತ್ತಲಾಗುವುದು, ನಾಡಿಯ ಲಯದಲ್ಲೇ ಕಿವಿಯಲ್ಲಿ ಶಬ್ದ. ಇವರಲ್ಲಿ ದೃಷ್ಟಿನರ ಬಾತು ಶಾಶ್ವತವಾಗಿ ಕಣ್ಣು ಹೋಗಬಹುದು. ತಲೆನೋವಿಗೆ ಕನ್ನಡಕದ ನಂಬರ್ ಮಾತ್ರ ನೋಡಿ ಕಳುಹಿಸುವ ಬದಲು ಪಾಪೆ ಹಿಗ್ಗಿಸಿ ಹಿಂಬದಿ ನೋಡಿದರೆ ಆ ಕಣ್ಣು ಉಳಿಯುತ್ತದೆ.

ಈ ಪ್ರಕರಣದ ನಂತರ ಆ ವಾರ್ಡಿನಲ್ಲಿ ಪ್ಯಾಚ್ ಆದವರಿಗೆ ಕೊಡುವ ಕನ್ನಡ ಚೀಟಿಯನ್ನು ತಿದ್ದಲಾಯಿತು. ಈಗ ಅದರಲ್ಲಿ ಹೀಗಿದೆ. ತಲೆನೋವು ಬಂದರೆ ಮೊದಲು ಹತ್ತು ನಿಮಿಷ ಮಲಗಿ, ಆಮೇಲೆ ಹತ್ತು ನಿಮಿಷ ಒರಗಿ ಕೂತು ನೋಡಿ. ಕೂತರೆ ಹೆಚ್ಚಾದರೆ ಮಲಗಿ, ನೀರು, ಕಾಫಿ ಕುಡಿದು ಫೋನ್ ಮಾಡಿ. ಮಲಗಿದರೆ ಹೆಚ್ಚಾದರೆ ಎರಡು–ಮೂರು ದಿಂಬಿಗೆ ಒರಗಿ ಕೂತಿರಿ, ಕಾಫಿ ಬೇಡ, ಹೊಟ್ಟೆಯ ಪಟ್ಟಿ ಬಿಚ್ಚಿ, ಫೋನ್ ಮಾಡಿ. ವಾಂತಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ ಅಥವಾ ಎರಡೆರಡು ಕಂಡರೆ, ಮಂಕು ಕವಿದರೆ, ಫಿಟ್ಸ್ ಬಂದರೆ, ಜ್ವರದೊಂದಿಗೆ ಬೆನ್ನುನೋವು ಹೆಚ್ಚಿದರೆ, ಕಾಲು ಸೋತರೆ, ಮೂತ್ರ ಕಟ್ಟಿದರೆ ಫೋನ್ ಮಾಡುತ್ತ ಕೂರಬೇಡಿ, ನೇರ ತುರ್ತು ಘಟಕಕ್ಕೆ ಬನ್ನಿ. ಬರುವಾಗ ದಾರಿಯಲ್ಲಿ ಕೂತು ಬಂದಿರೋ ಮಲಗಿ ಬಂದಿರೋ ಎಂಬುದನ್ನು ಡಾಕ್ಟರಿಗೆ ಹೇಳಿ.